ಎಷ್ಟರೊಳಗ?

"ಎಷ್ಟರೊಳಗ ತೋರಸ್ಲಿ, ಅಕ್ಕಾರ?"
ದುರ್ಗದಬೈಲಿನ ಅಂಗಡಿಯಂವ ಕೇಳಿದ.
ಯಾರಿಗೆ ಅನ್ನಲಿಲ್ಲ, ಯಾಕ ಅನ್ನಲಿಲ್ಲ.
ಏಣಿ ಹತ್ತೂದಕ್ಕಿಂತ ಮೊದಲ
ಯಾವ ಮೆಟ್ಟಲಿನ ಮಟ ಅಂತ ತಿಳೀಬೇಕಲ್ಲ ಅವಗ.

ಎರಡನೂರು ಅಂದೆ.
ಅನ್ನೂದರೊಳಗ ಇಂಚರಾನ ಕಣ್ಣು
ಮ್ಯಾಲಿನ ಖಾನೆಯ ದುರ್ಬೀನಿಗೆ ನೆಟ್ಟಿತ್ತು.
ಮುನ್ನೂರಾ ತೊಂಬತ್ತು.
ಬೆನ್ನು ತಿರುವಿ ಓದಿ
ಹಲ್ಲುನೋವಿನವರ ಗತೆ ಬಾಯಿ ಮುಚ್ಚಿದೆ.

ಸಾಲಿ ಚಾಲೂ ಆದಾಗಿಂದ ಇದು ಐದನೇದು.
ಕೃತಿಕಾ ಹಬೀಬ, ಅಫ್ನಾನ ನದಾಫ,
ಮತ್ತೊಬ್ಬಾಕಿ ಹೆಸರು ಮರ್ತೇನಿ, ದರಾ ನೆನಪೈತಿ.
ಅವಳಿ ಹುಡುಗರಿಗೆ ಒಂದೋ ಎರಡೋ ಅಂತ
ಮನಿಯವರೂ ನಾನೂ ರಾತ್ರಿ ಹನ್ನೊಂದರ ತನಕ ವಾದಾ ಮಾಡಿ
ಕಡೀಕ ಎರಡು ಸಣ್ಣವು ಒಯ್ದಿವಿ.
ಈಗ ವಿದ್ಯಾನಗರದ ಜಿನಲ್ ಓಸವಾಲ.
ಕಾರ್ಡಿನ ಕೆಳಗ ಬಂಗಾರದ ಅಕ್ಷರ:
ದಯವಿಟ್ಟು ಉಡುಗೊರೆ ತರಬೇಡಿ.
ಅದನ್ನ ಓದಿ ಎರಡು ದಿನ ನಿದ್ದಿ ಹತ್ತಲಿಲ್ಲ.
ಬ್ಯಾಡ ಅಂದ್ರ ಬ್ಯಾಡ ಅಂತನೋ,
ಸಣ್ಣದು ಬ್ಯಾಡ ಅಂತನೋ?
ತಾಯಂದಿರ ಗ್ರೂಪಿನಾಗ ಒಬ್ಬಾಕಿ ಬರದ್ಲು:
"ಎಲ್ಲಾರೂ ನೂರು ರೂಪಾಯಿ ಅಂತ ಗೊತ್ತು ಮಾಡೂಣೇನ್ರಿ?"
ಮೂವತ್ತೆಂಟು ಮಂದಿ ಓದಿದ್ರು.
ಒಬ್ಬರೂ ಉಸಿರು ಬಿಡಲಿಲ್ಲ.
ನಾನೂ ಅವರೊಳಗ ಒಬ್ಬಾಕಿ.

ಚಿಗರಿ ಬಸ್ಸಿನ ನಿಲ್ದಾಣದಾಗ ಕುಂತು
ದಿನಾ ಟಿಕೀಟು ಕೊಡಾಕಿ ನಾ.
ಕಿಂಡಿಯೊಳಗ ಬರೂ ಕೈ ನೋಡೇ
ಎಷ್ಟರ ನೋಟು ಅಂತ ಹೇಳ್ತೇನಿ.
ಎಲ್ಲಿ ಇಳಿಯೂದು ಅಂದ್ರ ದರಾ ಹೇಳ್ತೇನಿ.
ಮೂರನೇ ಇಯತ್ತೆಯ ಗೆಳತನಕ್ಕ ಎಷ್ಟು ಅಂತ
ಯಾವ ಫಲಕದಾಗೂ ಇಲ್ಲ.

ಅಣ್ಣಿಗೇರಿಯೊಳಗ ನಮ್ಮವ್ವನ ಹತ್ರ
ಆಯೇರಿ ವಹಿ ಇತ್ತು, ಕೆಂಪು ರಟ್ಟಿಂದು.
ಶಿವಗಂಗವ್ವ, ಹನ್ನೊಂದು ರೂಪಾಯಿ, ಒಂದು ಕುಬಸದ ಖಣ.
ಬಡಿಗೇರ ಮೌನೇಶಪ್ಪ, ಒಂದು ಬೋಗೋಣಿ, ಕಂಠ ನೆಗ್ಗಿದ್ದು.
ನೆಗ್ಗಿದ್ದು ಅಂತ ಬರದಿದ್ಲು, ಮರೀದ.
ತಿರುಗಿ ಮುಟ್ಟಿಸಿದ ಮ್ಯಾಲೆ ಅಡ್ಡಗೆರಿ.
ಒಂದು ಖಣ ಅಂತೂ ಏಳು ಮನಿ ಅಡ್ಡಾಡಿ
ಸೂಜಿ ಮುಖಾ ಕಾಣದ
ನಮ್ಮ ಟ್ರಂಕಿಗೇ ಬಂದಿತ್ತು,
ಅದ ಮಡಿಕಿ, ಅದ ಅರಿಷಿಣದ ಕಲಿ.

ಶಿವಗಂಗವ್ವನ ಸಾಲಿಗೆ ಮಾತ್ರ ಗೆರಿ ಬೀಳಲೇ ಇಲ್ಲ.
ಮಕ್ಕಳಿಲ್ಲದಾಕಿ; ಆಕಿ ಮನಿ ಮುಂದ
ಹಂದರ ಹಾಕೂ ಪ್ರಸಂಗನ ಬರಲಿಲ್ಲ.
ಅವ್ವ ವರ್ಷಾ ಆ ಪುಟ ತಗದು
ನೋಡಿ, ಮುಚ್ಚಿ,
ಹಿತ್ತಲ ಗ್ವಾಡಿ ಮ್ಯಾಲಿಂದ
ಒಂದು ಗಂಗಾಳ ಕಡಬು ದಾಟಸ್ತಿದ್ಲು.
ಗೆರಿ ಹೊಡೀತಿರಲಿಲ್ಲ.

ನಾನೂ ಬರದಿಟ್ಟೇನಿ, ಫೋನಿನಾಗ.
ಯಾರಿಗೂ ತೋರಸಾಂಗಿಲ್ಲ.
ಇಂಚರಾ ಹುಟ್ಟಿದ್ದು ಮೇ ಒಂಬತ್ತಕ್ಕ.
ಸಾಲಿ ಸೂಟಿ. ಅಫ್ನಾನ ಬೆಳಗಾವಿಗೆ,
ಅವಳಿಗಳು ಅಜ್ಜನ ಮನಿಗೆ, ಉಳದವರು ಎಲ್ಲೆಲ್ಲಿಗೋ.
ಮೂರು ವರ್ಷ ಆತು,
ನಾವು ಮೂವರ, ಮಗ್ಗಲ ಮನಿಯ ಒಂದು ಕೂಸು,
ಫ್ರಿಜ್ಜಿನಾಗ ವಾರಗಟ್ಲೆ ಕೇಕು.
ಕೊಟ್ಟದ್ದು ಕೂಡಿಸಿದ್ರ ನಾಕು ಸಾವಿರದ ಮ್ಯಾಲ.
ಬಂದದ್ದು: ಸಾಬೂನಿನ ಗುಳ್ಳಿ ಊದೂ ಡಬ್ಬಿ, ಒಂದು.
ಇಂಥಾದ್ದನ್ನ ಕೂಡಿಸ್ತೇನಲ್ಲಾ ಅಂತ
ಫೋನು ಬೋರಲ ಹಾಕ್ತೇನಿ.
ಮತ್ತ ಕೂಡಿಸ್ತೇನಿ.

"ಜಿನಲ್ ನಿನಗೇನು ಕೊಟ್ಟಾಳ?"
ಅಂಗಡಿಯೊಳಗನ ಕೇಳಿಬಿಟ್ಟೆ, ತಡಕೊಳ್ಳಲಾರದ.
ಇಂಚರಾ ಬಾಳೊತ್ತು ವಿಚಾರ ಮಾಡಿದ್ಲು.
"ನೀರಿನ ಬಾಟ್ಲಿ ಮುಚ್ಚಳಾ ನಂಗ ಬರೂದಿಲ್ಲಲ್ಲ,
ದಿನಾ ಆಕಿನ ತಗೀತಾಳ."

ದುರ್ಬೀನು ಕಟ್ರಿ ಅಂದೆ.
ಅಂವ ಇಪ್ಪತ್ತು ಬಿಟ್ಟ.
ಝಗಝಗ ಹಾಳಿ ಹುಡುಕಲಿಕ್ಕೆ ಒಳಗ ಹೋದಾಗ
ದರದ ಚೀಟಿ ಉಗುರಿಲೆ ಕೆರದೆ.
ಮುನ್ನೂರು ಹರದು ಬಂತು, ತೊಂಬತ್ತು ಉಳೀತು.
ಉಗುಳು ಹಚ್ಚಿ ಮತ್ತ ಕೆರದೆ.

ಮರುದಿನ ಮುಂಜಾನೆ ಡ್ಯೂಟಿಯೊಳಗ
ಹೆಬ್ಬಟ್ಟಿಗೆ ಇನ್ನೂ ಅಂಟು ಅಂಟು.
ಆ ಮುನ್ನೂರು ಯಾವಾಗ ಬಿಟ್ಟಿತೋ,
ಕೋಲು ಹಿಡದ ಒಬ್ಬ ಹಿರ್ಯಾನ ಟಿಕೀಟಿಗೆ ಹತ್ತಿ
ಧಾರವಾಡದ ಕಡೆ ಹೋತು.